ಸಿಗ್ನಲ್‌ನಲ್ಲಿ ಆಫ್ ಆಗುವ ಹಳೇ ಕಾರು: ಐಡಲ್ ಏರಿಸಬೇಕೆ?

ಪ್ರಶ್ನೆ: ಸರ್, 2007ರ ಆಲ್ಟೊ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಓಡುವಾಗ ಏನೂ ತೊಂದರೆ ಇಲ್ಲ. ಸಿಗ್ನಲ್ ಹತ್ತಿರ ಕ್ಲಚ್ ಒತ್ತಿದ ಕೂಡಲೇ, ಅದರಲ್ಲೂ ಎಸಿ ಹಾಕಿದ್ದರೆ, ಆಫ್ ಆಗಿಬಿಡುತ್ತೆ. ಮೆಕ್ಯಾನಿಕ್ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಏರಿಸೋಣ ಅಂತಾರೆ. ಏರಿಸಲೇ?

ಉತ್ತರ: ಬೇಡ. ಹೋದ ಸಲ ಕೇಳಿದವರಿಗೂ ಬೇಡ ಅಂದಿದ್ದೆ, ಅದರ ಹಿಂದಿನವರಿಗೂ. ಕಾರಿನ ಹೆಸರು ಮಾತ್ರ ಬದಲಾಗುತ್ತೆ. ಒಮ್ಮೆ ಸ್ಯಾಂಟ್ರೊ, ಒಮ್ಮೆ ವ್ಯಾಗನ್ ಆರ್.

ಐಡಲ್ ಏರಿಸುವುದು ಗಾಳಿ, ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬುರೇಟರ್ ಕಾಲದ ವಿದ್ಯೆ. ಹಳೇ ಮಾರುತಿ 800ರಲ್ಲಿ ಸ್ಕ್ರೂ ಡ್ರೈವರ್ ಹಿಡಿದು, ಎಂಜಿನ್ ಸದ್ದಿಗೆ ಕಿವಿಗೊಟ್ಟು ಕಾಲು ಸುತ್ತು ತಿರುಗಿಸಿದರೆ ಹದಕ್ಕೆ ಬರುತ್ತಿತ್ತು. ಆ ಕೈಗುಣಕ್ಕೆ ನಮಸ್ಕಾರ. ಆದರೆ ನಿಮ್ಮದು ಎಂಪಿಎಫ್‌ಐ, ಅಂದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಇಲ್ಲಿ ಐಡಲ್ ನೋಡಿಕೊಳ್ಳುವುದು ಇಸಿಯು, ಎಂಜಿನ್ನಿನ ಕಂಪ್ಯೂಟರ್. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಗಾಳಿ ದಾರಿಯ ಬಾಗಿಲಾದ ಥ್ರಾಟಲ್ ಪ್ಲೇಟ್ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತೆ. ಆಗ ಎಂಜಿನ್‌ಗೆ ಬೇಕಾದ ಗಾಳಿ ಪಕ್ಕದ ಸಣ್ಣ ದಾರಿಯಲ್ಲಿ, ಐಡಲ್ ಕಂಟ್ರೋಲ್ ವಾಲ್ವ್ ದಾಟಿ ಬರಬೇಕು. ಎಸಿ ಕಂಪ್ರೆಸರ್ ಹೊರೆ ಬಿದ್ದ ಕ್ಷಣ ಇಸಿಯು ಆ ವಾಲ್ವನ್ನು ಇನ್ನಷ್ಟು ತೆರೆಸುತ್ತೆ. ವರ್ಷಗಟ್ಟಲೆ ಆಯಿಲ್ ಹಬೆ ಕೂತು ಅಲ್ಲಿ ಕಾರ್ಬನ್ ಕಟ್ಟಿದ್ದರೆ, ತೆರೆದರೂ ಗಾಳಿ ಸಾಲದು. ಗಾಡಿ ಆಫ್. ನೀವು ಬರೆದ ಲಕ್ಷಣ ಬಹುಮಟ್ಟಿಗೆ ಇದೇ.

ಈಗ ಸ್ಕ್ರೂ ತಿರುಗಿಸಿದಿರಿ ಅನ್ನಿ. ಪ್ಲೇಟ್ ಕೂದಲೆಳೆಯಷ್ಟು ತೆರೆದು ನಿಲ್ಲುತ್ತೆ, ಕಾರ್ಬನ್ ಇದ್ದಲ್ಲೇ ಇರುತ್ತೆ. ನಾಲ್ಕು ದಿನ ಗಾಡಿ ಚೆನ್ನಾಗಿ ಓಡುತ್ತೆ, ಮೆಕ್ಯಾನಿಕ್‌ಗೆ ಒಳ್ಳೇ ಹೆಸರೂ ಬರುತ್ತೆ. ಆದರೆ ಥ್ರಾಟಲ್ ಪೂರ್ತಿ ಮುಚ್ಚಿಲ್ಲ ಅಂತ ಸೆನ್ಸರ್ ಹೇಳತೊಡಗಿದರೆ, ಡ್ರೈವರ್ ಇನ್ನೂ ಕಾಲು ಒತ್ತಿದ್ದಾನೆ ಅಂತ ಇಸಿಯು ತಿಳಿಯುತ್ತೆ. ರೇಸ್ ಇಳಿಯಲ್ಲ, ಪೆಟ್ರೋಲ್ ಕುಡಿಯುತ್ತೆ. ಮುಂದೆಂದೋ ತಿಳಿದವರೊಬ್ಬರು ಥ್ರಾಟಲ್ ಬಾಡಿ (ಆ ಪ್ಲೇಟ್ ಕೂತಿರುವ ಭಾಗ) ಕ್ಲೀನ್ ಮಾಡುತ್ತಾರೆ; ಕಾರ್ಬನ್ ಹೋಯಿತು, ಸ್ಕ್ರೂ ಮಾತ್ರ ತಿರುಗಿಸಿದಲ್ಲೇ ಇದೆ, ಹಾಗಾಗಿ 800ರ ಆಸುಪಾಸಿನಲ್ಲಿರಬೇಕಾದ ಆರ್‌ಪಿಎಂ 1,500ಕ್ಕೆ ಹೋಗಿ ಕೂರುತ್ತೆ. ಬೈಗುಳ ಮಾತ್ರ ಕ್ಲೀನ್ ಮಾಡಿದವರಿಗೆ!

ಆದ್ದರಿಂದ ಮೊದಲು ಥ್ರಾಟಲ್ ಬಾಡಿ, ಐಡಲ್ ವಾಲ್ವ್ ಬಿಚ್ಚಿಸಿ ಕ್ಲೀನರ್ ಸ್ಪ್ರೇ ಹೊಡೆಸಿ. ಪ್ಲೇಟಿನ ಅಂಚಿಗೆ ಕಪ್ಪು ಉಂಗುರ ಕಟ್ಟಿರುತ್ತೆ, ನೀವೇ ನಿಂತು ನೋಡಿ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು, ಸಡಿಲ ಬ್ಯಾಟರಿ ಟರ್ಮಿನಲ್ ಆಮೇಲೆ. ಓಡುತ್ತಿದ್ದಾಗಲೇ ಕಾರು ದಿಢೀರ್ ಆಫ್ ಆಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವುದು ಬೇರೆಯೇ ಕಾಯಿಲೆ. ಅಲ್ಲಿ ಕ್ರ್ಯಾಂಕ್ ಸೆನ್ಸರ್, ಫ್ಯೂಯಲ್ ಪಂಪ್ ನೋಡಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಾನಾಗಿ ಆಫ್ ಆದರೆ ಇಷ್ಟು ಹೆದರುವ ನಾವು ಚಾರ್ಮಾಡಿ, ಶಿರಾಡಿ ಇಳಿಯುವಾಗ ಪೆಟ್ರೋಲ್ ಉಳಿಸಲು ನಾವೇ ಆಫ್ ಮಾಡುತ್ತೇವೆ. ಎಂಜಿನ್ ನಿಂತರೆ, ಬ್ರೇಕ್ ಹಗುರಾಗಿ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತೆ, ಆಮೇಲೆ ಪೆಡಲ್ ಕಲ್ಲು. ಉಳಿತಾಯವಾದರೂ ಎಲ್ಲಿ? ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಪಿಎಫ್‌ಐ ಎಂಜಿನ್‌ನಲ್ಲಿ ಇಸಿಯು ಇಂಜೆಕ್ಟರ್‌ಗಳನ್ನೇ ಮುಚ್ಚುತ್ತೆ. ಇಳಿಜಾರಿನ ಬಹುಪಾಲು ದಾರಿಗೆ ಪೆಟ್ರೋಲೇ ಹೋಗಲ್ಲ.