ಜಾನಿಯನ್ನು ಒಮರ್ ಕ್ಷಮಿಸಿದನಾ?

ಪ್ರಶ್ನೆ: ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ನೋಡಿದೆ. ವಲಸೆ ಬಂದವರನ್ನು ಓಡಿಸಿ ಎಂದು ಕೂಗುವವರ ಜೊತೆ ಮೆರವಣಿಗೆ ಹೋಗಿದ್ದ ಜಾನಿಯನ್ನು ಒಮರ್ ಅಷ್ಟು ಸಲೀಸಾಗಿ ಹೇಗೆ ಕ್ಷಮಿಸಿದ?

ನನಗನ್ನಿಸುವ ಮಟ್ಟಿಗೆ ಒಮರ್ ಕ್ಷಮಿಸಲೇ ಇಲ್ಲ. ಈ ಸಿನಿಮಾ ನನಗೆ ಅಷ್ಟು ಹಿಡಿಸುವುದೂ ಅದಕ್ಕೇ.

ಮಾರ್ಗರೆಟ್ ಥ್ಯಾಚರ್ ಬ್ರಿಟನ್ ಪ್ರಧಾನಿಯಾಗಿದ್ದ ಕಾಲದ ದಕ್ಷಿಣ ಲಂಡನ್. ಒಮರ್ ಪಾಕಿಸ್ತಾನಿ ಮನೆತನದ ಹುಡುಗ. ಬಿಳಿಯ ಹುಡುಗ ಜಾನಿ ಅವನ ಶಾಲೆಯ ಗೆಳೆಯ. ಕೆಲಸವಿಲ್ಲ, ನೆಲೆಯಿಲ್ಲ. ಹಾಳುಬಿದ್ದ ಒಂದು ಲಾಂಡ್ರೆಟ್, ಅಂದರೆ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ, ಒಮರ್ ಕೈಗೆ ಬರುತ್ತದೆ. ಇಬ್ಬರೂ ಸೇರಿ ಅದನ್ನು ಫಳಫಳ ಹೊಳೆಯುವಂತೆ ಮಾಡುತ್ತಾರೆ.

ಅಂಗಡಿ ತೆರೆಯುವ ದಿನದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಹೊರಗೆ ಜನ ಕಾಯುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಆಗಲೇ ಒಮರ್ ಆ ಮೆರವಣಿಗೆಯ ಮಾತು ತೆಗೆಯುತ್ತಾನೆ. ಲಂಡನ್ನಿನ ಲೂಯಿಷಮ್ ಬಡಾವಣೆಯ ಬೀದಿ, ಇಟ್ಟಿಗೆ, ಬಾಟಲಿ, ಬಾವುಟ. ಅದನ್ನು ನೋಡುತ್ತ ನಿಂತಿದ್ದ ಅಪ್ಪನ ಮುಖ. (1977ರ ಆಗಸ್ಟ್‌ನಲ್ಲಿ ವಲಸಿಗರನ್ನು ವಿರೋಧಿಸುವ ನ್ಯಾಷನಲ್ ಫ್ರಂಟ್ ಪಕ್ಷ ನಿಜಕ್ಕೂ ಲೂಯಿಷಮ್‌ನಲ್ಲಿ ಮೆರವಣಿಗೆ ನಡೆಸಿತ್ತು.) ಎಷ್ಟು ಹತ್ತಿರವಿದ್ದರೂ ಆ ನೆನಪು ಬಿಡುವುದಿಲ್ಲ ಅಲ್ವಾ? ಮಾತಿನಿಂದ ಇದನ್ನು ತೀರಿಸಲಾರೆ, ಏನಿದ್ದರೂ ಮಾಡಿ ತೋರಿಸಬೇಕು ಅನ್ನುವ ಅರ್ಥದ ಉತ್ತರ ಜಾನಿಯದು.

ಮುಂದೊಮ್ಮೆ ಒಮರ್ ಖಾರವಾಗಿಯೇ ಹೇಳುತ್ತಾನೆ: ಶಾಲೆಯಲ್ಲಿ ನೀವೆಲ್ಲ ನನ್ನನ್ನು ಒದೆಯುತ್ತಿದ್ದಿರಿ, ಈಗ ನೀನು ನನ್ನ ನೆಲ ಒರೆಸುತ್ತಿದ್ದೀಯ, ನನಗೆ ಇದೇ ಇಷ್ಟ. ಈ ಮಾತು ಕೇಳಿ ಬೇಜಾರಾಗುವವರು ಇರಬಹುದು. ನನಗೆ ಇದು ಪ್ರಾಮಾಣಿಕ ಅನ್ನಿಸಿತು. ಪ್ರೀತಿ ಇದೆ, ಹಳೆಯ ಸೇಡೂ ಇದೆ. ಈಗ ಒಬ್ಬ ಧಣಿ, ಇನ್ನೊಬ್ಬ ಆಳು. ಕತೆ ಬರೆದ ಹನೀಫ್ ಕುರೇಶಿಯ ತಂದೆ ಪಾಕಿಸ್ತಾನದವರು, ತಾಯಿ ಇಂಗ್ಲಿಷರು. ಎರಡೂ ಕಡೆಯ ಯಾರನ್ನೂ ಅವರು ಸುಮ್ನೆ ಒಳ್ಳೆಯವರನ್ನಾಗಿ ಮಾಡಿಲ್ಲ.

ಇಬ್ಬರು ಹುಡುಗರ ಪ್ರೀತಿಗೆ ಮಾತ್ರ ಸಿನಿಮಾ ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಅದರ ಬಗ್ಗೆ ಭಾಷಣವಿಲ್ಲ. 1985ರಲ್ಲಿ, ಚಾನೆಲ್ 4 ಟಿವಿಗೆಂದು ಕಡಿಮೆ ದುಡ್ಡಿನಲ್ಲಿ 16 ಎಂಎಂನಲ್ಲಿ ತೆಗೆದ ಚಿತ್ರಕ್ಕೆ ಇದು ದೊಡ್ಡ ಧೈರ್ಯ. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್.

ಒಮರ್‌ನ ಅಪ್ಪನ ಪಾತ್ರ ರೋಶನ್ ಸೇಠ್ ಅವರದು. ‘ಗಾಂಧಿ’ಯಲ್ಲಿ ನೆಹರೂ ಆಗಿದ್ದರಲ್ಲ, ಅವರೇ. ಒಂದು ರಾತ್ರಿ ಅಂಗಡಿಗೆ ಬಂದು ಅವರು ಜಾನಿಯನ್ನು ನೇರವಾಗಿ ಕೇಳುತ್ತಾರೆ, ನೀನು ಇನ್ನೂ ಫ್ಯಾಸಿಸ್ಟೇನಾ ಅಂತ.

ಆ ಪ್ರಶ್ನೆಗೆ ಉತ್ತರ ಸಿಗುವುದು ಕೊನೆಗೆ. ಒಮರ್‌ನ ಕಡೆಯ ಸಲೀಂ ಮೇಲೆ ಜಾನಿಯ ಹಳೆಯ ಗೆಳೆಯರೇ ಬೀಳುತ್ತಾರೆ. ಸಲೀಂ ಕಂಡರೆ ಜಾನಿಗೆ ಆಗುವುದಿಲ್ಲ. ಆದರೂ ಅಡ್ಡ ಹೋಗುತ್ತಾನೆ, ಚೆನ್ನಾಗಿ ಏಟು ತಿನ್ನುತ್ತಾನೆ. ಆಮೇಲೆ ಒಮರ್ ಅವನ ಗಾಯ ತೊಳೆಯುತ್ತಾನೆ. ಇಬ್ಬರೂ ಒಬ್ಬರ ಮೇಲೊಬ್ಬರು ನೀರು ಎರಚಿಕೊಳ್ಳುತ್ತಾರೆ, ಮಕ್ಕಳ ಹಾಗೆ.