ಸೋಲೋದಲ್ಲಿ ದಪ್ಪಗಿರುವ ಬೇಸ್ ಗಿಟಾರ್ ಮಿಕ್ಸ್‌ನಲ್ಲಿ ಯಾಕೆ ಮಾಯವಾಗುತ್ತದೆ?

ಓದುಗರ ಪ್ರಶ್ನೆ: ಮನೆಯಲ್ಲೇ ಬೇಸ್ ಗಿಟಾರನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹಾಕಿ ರೆಕಾರ್ಡ್ ಮಾಡುತ್ತೇನೆ. ಸೋಲೋ ಒತ್ತಿ ಬೇಸ್ ಒಂದನ್ನೇ ಕೇಳಿದರೆ ಚೆನ್ನಾಗಿದೆ. ಉಳಿದ ವಾದ್ಯ ಸೇರಿಸಿದ ಕೂಡಲೇ ಮಂಕು. ಕಾರಿನಲ್ಲಿ ಗುಂಯ್ ಅನ್ನುತ್ತದೆ, ಫೋನಿನಲ್ಲಿ ಕೇಳಿಸುವುದೇ ಇಲ್ಲ. ಇಕ್ಯೂನಲ್ಲಿ (ಈಕ್ವಲೈಸರ್, ಸದ್ದಿನ ಕೆಳ, ಮಧ್ಯ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಲೋ, ಅಂದರೆ ಕೆಳಗಿನ ಸದ್ದು, ಎಷ್ಟು ಏರಿಸಬೇಕು?

ಉತ್ತರ: ಏರಿಸಲೇಬೇಡಿ. ಬೇಸ್‌ನ ತೂಕ ಕೆಳಗಿರುತ್ತದೆ, ಆದರೆ ಯಾವ ಸ್ವರ ನುಡಿಯುತ್ತಿದೆ ಎಂದು ಕಿವಿಗೆ ಗೊತ್ತಾಗುವುದು ಮಧ್ಯದ ಸದ್ದಿನಿಂದ. ತೆರೆದ ಇ ತಂತಿಯ ಮೂಲ ಕಂಪನ 41 ಹರ್ಟ್ಸ್, ಎ 55, ಡಿ 73, ಜಿ 98. ಫೋನಿನ ಪುಟ್ಟ ಸ್ಪೀಕರ್‌ನಿಂದ ಇವು ಹೊರಡುವುದೇ ಇಲ್ಲ ಎನ್ನಬಹುದು. ಆದರೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಕಂಪನದ ಎರಡು, ಮೂರು ಪಟ್ಟು ಹೀಗೆ ಜೊತೆಗೇ ಹುಟ್ಟುವ ಕಂಪನಗಳು) ಸ್ಪಷ್ಟವಾಗಿದ್ದರೆ, ಕೆಳಗಿನ ಸ್ವರವನ್ನು ನಮ್ಮ ಕಿವಿ ತಾನೇ ತುಂಬಿಕೊಳ್ಳುತ್ತದೆ. ನಿಮ್ಮ ಮಿಕ್ಸ್‌ನಲ್ಲಿ ಕೊರತೆ ಇರುವುದು ಈ ಹಾರ್ಮೋನಿಕ್‌ಗಳದ್ದು. ಲೋ ಏರಿಸಿದಷ್ಟೂ ಕಾರಿನಲ್ಲಿ ಗುಂಯ್ ಹೆಚ್ಚುತ್ತದೆ, ಫೋನಿನಲ್ಲಿ ಏನೂ ಬದಲಾಗುವುದಿಲ್ಲ.

ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ತೆರೆಯುವ ಮೊದಲು ಮೂಲ ನೋಡಿ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸನ್ನು ಲೈನ್ ಇನ್‌ಪುಟ್‌ಗೆ ಹಾಕಿದರೆ ಮೇಲಿನ ಸದ್ದು ಅಲ್ಲೇ ಸಾಯುತ್ತದೆ. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಎಂದಿರುವ ಬಟನ್ ಒತ್ತಿರಲೇಬೇಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಜೋರಾಗಿ ಮೀಟಿದಾಗಲೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಿರಲಿ. ತಂತಿ ಹಳೆಯದಾಗಿ ಬೆವರು, ಜಿಡ್ಡು ಹಿಡಿದಿದ್ದರೆ ಇಕ್ಯೂನಲ್ಲಿ ಎಷ್ಟೇ ಹೈ ಏರಿಸಿದರೂ ಬರುವುದು ಹಿಸ್ ಮಾತ್ರ. ಕೆಲವರಿಗೆ ಆ ಮಂದ ಸದ್ದೇ ಬೇಕಿರುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹಳೆಯ ಫ್ಲಾಟ್‌ವೌಂಡ್ (ನುಣುಪು ಮೈಯ) ತಂತಿಯಲ್ಲೇ ನುಡಿಸುತ್ತಿದ್ದರು. ಆದರೆ ಪಂಚ್ (ಏಟಿನ ಬಿಗಿ) ಬೇಕೆನ್ನುವವರಿಗೆ ಹೊಸ ರೌಂಡ್‌ವೌಂಡ್ (ತರಿತರಿ ಮೈಯ) ತಂತಿಯ ಸೆಟ್ ಯಾವ ಪ್ಲಗಿನ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಇನ್ನೊಂದು ಮಾತು: ನುಡಿಸದ ತಂತಿಗಳನ್ನು ಬೆರಳಿನಿಂದ ಮುಚ್ಚಿಡಿ. ಅವು ತಮ್ಮಷ್ಟಕ್ಕೆ ಮೊರೆಯುತ್ತಿದ್ದರೆ ಅದೂ ಮಿಕ್ಸ್‌ನ ಕೆಸರೇ.

ಎರಡನೆಯ ಶಂಕಿತ ನಿಮ್ಮ ಕೋಣೆ. 10 ಅಡಿ ಅಗಲದ ಕೋಣೆಯ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಕಟ್ಟಿಕೊಳ್ಳುತ್ತದೆ. ತೆರೆದ ಎ ತಂತಿ ಇರುವುದೂ ಹೆಚ್ಚುಕಡಿಮೆ ಅಲ್ಲೇ. ಗೋಡೆಯ ಪಕ್ಕ ಕೂತರೆ ಎ ಸ್ವರ ಬಂದಾಗಲೆಲ್ಲ ಕೋಣೆ ಮೊಳಗುತ್ತದೆ. ಎರಡು ಗೋಡೆಗಳ ನಟ್ಟನಡುವೆ ಕೂತರೆ ಅದೇ ಸ್ವರ ಸೊರಗುತ್ತದೆ. ನೀವು ಇಕ್ಯೂನಲ್ಲಿ ಅದನ್ನು ಸರಿಪಡಿಸಲು ಹೋದರೆ ಹಾಡು ಕೆಡುತ್ತದೆ, ಕೋಣೆ ಹಾಗೇ ಉಳಿಯುತ್ತದೆ. ಹಾಗಾಗಿ ಒಂದೇ ಸ್ವರ ಗುಂಯ್ ಅಂದರೆ ಮೊದಲು ಹೆಡ್‌ಫೋನ್‌ನಲ್ಲಿ ಕೇಳಿ. ಅಲ್ಲಿ ಮಾಯವಾದರೆ ತಪ್ಪು ಕೋಣೆಯದು. ಮೂಲೆಗಳಲ್ಲಿ 4 ಇಂಚಿಗೆ ಕಡಿಮೆಯಿಲ್ಲದ ರಾಕ್‌ವೂಲ್ ನಿಲ್ಲಿಸಿದರೆ ಸ್ವಲ್ಪ ಗುಣ ಕಾಣುತ್ತದೆ. ಮೊಟ್ಟೆ ಟ್ರೇ, ತೆಳು ಫೋಮ್ ಈ ಸದ್ದನ್ನು ಮುಟ್ಟುವುದೂ ಇಲ್ಲ.

ಈಗ ಇಕ್ಯೂ. ಸೋಲೋ ಬಟನ್ ಬಿಡಿ, ಇಡೀ ಹಾಡು ಓಡುತ್ತಿರಲಿ. 30 ಹರ್ಟ್ಸ್ ಹತ್ತಿರ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿ, ಸ್ಲೋಪ್ (ತಗ್ಗುವ ಇಳಿಜಾರು) ಆಕ್ಟೇವ್‌ಗೆ 12 ಡೆಸಿಬೆಲ್ ಸಾಕು. 200ರಿಂದ 300ರ ನಡುವೆ ಎಲ್ಲಿ ಡಬ್ಬದಂತೆ ಕೇಳುತ್ತದೋ ಅಲ್ಲಿ 2ರಿಂದ 4 ಡೆಸಿಬೆಲ್ ಇಳಿಸಿ. ಪೂರ್ತಿ ಕೆತ್ತಿ ತೆಗೆದರೆ ಬೇಸ್ ಬಡಕಲಾಗುತ್ತದೆ. ನಂತರ 700ರಿಂದ 1000 ಹರ್ಟ್ಸ್ ಮಧ್ಯೆ 3 ಡೆಸಿಬೆಲ್ ಏರಿಸಿ. ಸೋಲೋದಲ್ಲಿ ಇದು ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ, ಅದಕ್ಕೇ ತುಂಬ ಜನ ಹೆದರಿ ತೆಗೆದುಬಿಡುತ್ತಾರೆ. ಹಾಡಿನೊಳಗೆ ಬೇಸ್‌ನ ಸಾಲು ಎದ್ದು ಬರುವುದು ಇಲ್ಲಿಂದಲೇ. ಬೆರಳಿನ, ಪಿಕ್‌ನ ಟಕ್ ಬೇಕಿದ್ದರೆ 2ರಿಂದ 3 ಕಿಲೋಹರ್ಟ್ಸ್.

ಪಂಚ್ ಬರುವುದು ಕಂಪ್ರೆಸರ್‌ನಿಂದ (ಜೋರಾದ ಸದ್ದನ್ನು ತಾನೇ ಒತ್ತಿ ತಗ್ಗಿಸುವ ಸಾಧನ), ಕೆಡುವುದೂ ಅದರಿಂದಲೇ. ರೇಷಿಯೋ (ಎಷ್ಟು ಒತ್ತಬೇಕು) 4:1, ಅಟ್ಯಾಕ್ (ಎಷ್ಟು ಬೇಗ ಒತ್ತಬೇಕು) 30 ಮಿಲಿಸೆಕೆಂಡ್, ರಿಲೀಸ್ (ಎಷ್ಟು ಬೇಗ ಬಿಡಬೇಕು) 100 ಇಟ್ಟು, ಜೋರಾದ ಸ್ವರಗಳಲ್ಲಿ ಗೇನ್ ರಿಡಕ್ಷನ್ (ಸದ್ದು ತಗ್ಗಿದ ಪ್ರಮಾಣ) 4ರಿಂದ 6 ಡೆಸಿಬೆಲ್ ತೋರಿಸುವವರೆಗೆ ಥ್ರೆಶೋಲ್ಡ್ (ಒತ್ತುವುದು ಶುರುವಾಗುವ ಮಟ್ಟ) ಇಳಿಸಿ. ಅಟ್ಯಾಕನ್ನು 1 ಮಿಲಿಸೆಕೆಂಡಿಗೆ ತಂದರೆ ತಂತಿ ಮೀಟಿದ ಮೊದಲ ಏಟೇ ಒತ್ತಿಹೋಗುತ್ತದೆ. ಉಳಿಯುವುದು ಸಪ್ಪೆ ಬಾಲ. ರಿಲೀಸನ್ನು 20ರ ಕೆಳಗೆ ಇಳಿಸಿದರೆ ಬೇರೆ ತೊಂದರೆ: ಇ ತಂತಿಯ ಒಂದು ಕಂಪನಕ್ಕೇ 24 ಮಿಲಿಸೆಕೆಂಡ್ ಬೇಕು, ಹಾಗಾಗಿ ಕಂಪ್ರೆಸರ್ ಸ್ವರದ ಬದಲು ಪ್ರತಿ ಅಲೆಯ ಹಿಂದೆ ಓಡತೊಡಗುತ್ತದೆ, ಕೆಳಸ್ವರ ಕರಕರ ಎನ್ನುತ್ತದೆ. ಇದಕ್ಕೆ ದುಬಾರಿ ಪ್ಲಗಿನ್ ಏನೂ ಬೇಡ, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬರುವ ರಿಯಾಕಾಂಪ್ ಕಂಪ್ರೆಸರ್ ಸಾಕು. ಒಂದೆರಡು ಸ್ವರ ಮಾತ್ರ ತೀರಾ ಜೋರಾಗಿದ್ದರೆ ಕಂಪ್ರೆಸರ್‌ಗೆ ಮೊದಲೇ ಆ ಕ್ಲಿಪ್‌ಗಳ ಗೇನ್ ಕೈಯಾರೆ ಇಳಿಸಿ.

ಇಷ್ಟಾದರೂ ಫೋನಿನಲ್ಲಿ ಕೇಳದಿದ್ದರೆ ಟ್ರ್ಯಾಕನ್ನು ಡೂಪ್ಲಿಕೇಟ್ ಮಾಡಿ. ಒಂದಕ್ಕೆ 200 ಹರ್ಟ್ಸ್‌ನಲ್ಲಿ ಲೋಪಾಸ್ (ಮೇಲಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿ ಶುದ್ಧವಾಗಿಡಿ, ಗಟ್ಟಿಯಾಗಿ ಕಂಪ್ರೆಸ್ ಮಾಡಿ. ಇನ್ನೊಂದಕ್ಕೆ 200ರಲ್ಲಿ ಹೈಪಾಸ್ ಹಾಕಿ ಡಿಸ್ಟಾರ್ಷನ್ ಅಥವಾ ಬೇಸ್ ಆಂಪ್ ಪ್ಲಗಿನ್ ಕೊಡಿ. ಈ ಟ್ರ್ಯಾಕಿನ ಫೇಡರನ್ನು ಪೂರ್ತಿ ಕೆಳಗಿನಿಂದ ನಿಧಾನಕ್ಕೆ ಏರಿಸುತ್ತ ಬನ್ನಿ, ಡಿಸ್ಟಾರ್ಷನ್ ಎಂದು ಗುರುತು ಸಿಗುವ ಸ್ವಲ್ಪ ಮೊದಲೇ ನಿಲ್ಲಿಸಿ. ಇಲ್ಲಿ ಫೇಸ್ ಕೈಕೊಡಬಹುದು, ಅಂದರೆ ಎರಡು ಟ್ರ್ಯಾಕಿನ ಅಲೆಗಳು ಒಂದನ್ನೊಂದು ಅಳಿಸಬಹುದು. ಒಂದು ಟ್ರ್ಯಾಕಿನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನೋಡಿ, ಯಾವ ಸ್ಥಿತಿಯಲ್ಲಿ ಸದ್ದು ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ಆಂಪ್ ಮುಂದೆ ಮೈಕ್ ಇಟ್ಟೂ ರೆಕಾರ್ಡ್ ಮಾಡಿದ್ದರೆ ಇನ್ನೂ ಜಾಗ್ರತೆ: ಮೈಕ್ 34 ಸೆಂಟಿಮೀಟರ್ ದೂರವಿದ್ದರೆ ಸದ್ದು 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಝೂಮ್ ಮಾಡಿ ಎರಡು ಅಲೆಗಳ ಮೊದಲ ಏರಿಕೆಯನ್ನು ಒಂದೇ ಗೆರೆಗೆ ತನ್ನಿ.

ಕೊನೆಯದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಜೊತೆಗಿನ ಜಗಳ. ಕೆಳಗಿನ ಜಾಗ ಯಾರದೆಂದು ಮೊದಲು ತೀರ್ಮಾನಿಸಿ. ಕಿಕ್‌ನ ಗುದ್ದು 60 ಹರ್ಟ್ಸ್‌ನಲ್ಲಿದ್ದರೆ ಬೇಸ್‌ಗೆ ಅಲ್ಲಿ 2 ಡೆಸಿಬೆಲ್ ಇಳಿಸಿ, 90–100ರ ಸುತ್ತ ಬೇಸ್‌ಗೆ ಜಾಗ ಬಿಡಿ. ಬೇಕಿದ್ದರೆ ಸೈಡ್‌ಚೈನ್ ಹಾಕಿ (ಬೇಸ್‌ನ ಕಂಪ್ರೆಸರ್ ಕಿಕ್‌ನ ಸದ್ದಿಗೆ ಒತ್ತುವಂತೆ ಮಾಡಿ), ಕಿಕ್ ಬಿದ್ದಾಗ ಬೇಸ್ 2–3 ಡೆಸಿಬೆಲ್ ಬಗ್ಗಿದರೆ ಸಾಕು. ಭಾವಗೀತೆಯ ಮಿಕ್ಸ್‌ನಲ್ಲಿ ಕಿಕ್ ಬದಲು ತಬಲ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಡಗ್ಗಾದ ಸದ್ದು ಒಂದೇ ಕಡೆ ನಿಲ್ಲದೆ ಜಾರುತ್ತದೆ. ಅಲ್ಲಿ ಇಕ್ಯೂಗಿಂತ ಬೇಸ್‌ನ ಸ್ವರಗಳನ್ನು ಮೊಟಕಾಗಿ ನುಡಿಸುವುದೇ ಮೇಲು. ಕೀಬೋರ್ಡಿನ ಎಡಗೈ ಬೇಸ್‌ನ ಸಾಲನ್ನೇ ನುಡಿಸುತ್ತಿದ್ದರೆ ಆ ಭಾಗವನ್ನು ಮ್ಯೂಟ್ ಮಾಡಿ. ಗಿಟಾರ್‌ಗಳಿಗೆ 100 ಹರ್ಟ್ಸ್‌ವರೆಗೆ ಹೈಪಾಸ್ ಹಾಕಿ.

ಬೇಸ್‌ನ ಮಟ್ಟ ಕೂರಿಸುವಾಗ ವಾಲ್ಯೂಮ್ ಸಹಜವಾಗಿ ಮಾತಾಡುವಷ್ಟಿರಲಿ. ತೀರಾ ಮೆಲ್ಲಗಿದ್ದರೆ ಕಿವಿಗೆ ಲೋ ಕಡಿಮೆ ಕೇಳಿಸುತ್ತದೆ, ಕೈ ಮತ್ತೆ ಲೋ ಏರಿಸಲು ಹೋಗುತ್ತದೆ. ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಹಾಡನ್ನು ಸೆಷನ್‌ಗೆ ತಂದು, ನಿಮ್ಮ ಮಿಕ್ಸ್‌ನಷ್ಟೇ ಸದ್ದಿಗೆ ಇಳಿಸಿ ಹೋಲಿಸಿ. ಆಮೇಲೆ ಫೋನಿನಲ್ಲಿ ಕೇಳಿ: ಬೇಸ್‌ನ ಸಾಲನ್ನು ಗುನುಗಲು ಆಗುತ್ತಿದ್ದರೆ ಮಟ್ಟ ಸರಿಯಿದೆ.