ರಿವಾಲ್ವರ್‌ಗೂ ರೈಫಲ್‌ಗೂ ಒಂದೇ ಮದ್ದು ಸಾಕೆ?

ಓದುಗರ ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಬಳಿ .38 ಸ್ಪೆಷಲ್ ರಿವಾಲ್ವರ್ ಮತ್ತು .30-06 ರೈಫಲ್ ಇವೆ. ಗುರಿ ಅಭ್ಯಾಸಕ್ಕೆ ಬೇಕಾದ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳೋಣವೆಂದು ಸಲಕರಣೆ ತಂದಿದ್ದೇನೆ. ಅಂಗಡಿಯಲ್ಲಿ ಹೊಗೆರಹಿತ ಮದ್ದಿನ ಹತ್ತಾರು ಡಬ್ಬಿಗಳನ್ನು ನೋಡಿ ಗೊಂದಲವಾಯಿತು. ಎರಡಕ್ಕೂ ಹೊಂದುವ ಒಂದೇ ಮದ್ದು ಇಲ್ಲವೇ? ಇಲ್ಲದಿದ್ದರೆ ಆರಿಸುವುದು ಹೇಗೆ?

ಉತ್ತರ: ಈ ಎರಡು ತೋಟೆಗಳಿಗೆ ಎರಡು ಡಬ್ಬಿ ಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ, ಏಕೆಂದರೆ ಒಂದಕ್ಕೆ ಹೇಳಿ ಮಾಡಿಸಿದ ಮದ್ದು ಇನ್ನೊಂದರಲ್ಲಿ ಕೆಲಸ ಕೆಡಿಸುತ್ತದೆ ಅಥವಾ ಕೋವಿಯನ್ನೇ ಸಿಡಿಸುತ್ತದೆ. ಕಾರಣ ತಿಳಿದರೆ ಆಯ್ಕೆಯೂ ಸುಲಭವಾಗುತ್ತದೆ.

ಅನೇಕರು ಮದ್ದನ್ನು ಅದರ ಶಕ್ತಿಯಿಂದ ಅಳೆಯುತ್ತಾರೆ. ನಿಜವಾಗಿ ನೋಡಬೇಕಾದದ್ದು ಅದು ಎಷ್ಟು ಬೇಗ ಉರಿಯುತ್ತದೆ ಎಂಬುದನ್ನು. ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೊಸೆಲ್ಯುಲೋಸ್. ಕೆಲವು ಬಗೆಗಳಲ್ಲಿ ಅದರ ಜೊತೆಗೆ ನೈಟ್ರೊಗ್ಲಿಸರಿನ್ ಕೂಡ ಸೇರಿರುತ್ತದೆ. ಎಲ್ಲ ಡಬ್ಬಿಗಳಲ್ಲೂ ಇರುವ ಪದಾರ್ಥ ಹೆಚ್ಚುಕಡಿಮೆ ಇಷ್ಟೇ ಆದರೂ, ಕಾಳಿನ ಗಾತ್ರ, ಆಕಾರ ಮತ್ತು ಉರಿಯನ್ನು ತಡೆಹಿಡಿಯುವ ಮೇಲ್ಲೇಪ, ಈ ಮೂರರಿಂದ ತಯಾರಕರು ಉರಿಯುವ ವೇಗವನ್ನು ಬೇಕಾದಂತೆ ಹೊಂದಿಸುತ್ತಾರೆ. ಒಂದು ಬಿಳಿ ಹಾಳೆಯ ಮೇಲೆ ಬುಲ್ಸ್‌ಐ ಮತ್ತು ಐಎಂಆರ್ 4895 ಎಂಬ ಎರಡು ಮದ್ದುಗಳನ್ನು ಒಂದೊಂದು ಚಿಟಿಕೆ ಹಾಕಿ ನೋಡಿದರೆ ಅರ್ಧ ಪಾಠ ಮುಗಿದಂತೆ. ಮೊದಲನೆಯದು ತೆಳುವಾದ ಸಣ್ಣ ಬಿಲ್ಲೆಗಳ ರಾಶಿ. ಉರಿ ತಗುಲಿದ ಕೂಡಲೇ ಎಲ್ಲ ಮೈಯಿಂದಲೂ ಉರಿದು ಮುಗಿಯುತ್ತದೆ. ಎರಡನೆಯದು ಪೆನ್ಸಿಲ್ಲಿನ ಸೀಸದ ತುಂಡುಗಳಂತಿರುವ ಪುಟ್ಟ ಕಡ್ಡಿಗಳು. ಭೂತಗನ್ನಡಿ ಹಿಡಿದರೆ ಪ್ರತಿ ಕಡ್ಡಿಯ ನಡುವೆ ಸೂಜಿಮೊನೆಯಷ್ಟು ರಂಧ್ರ ಕಾಣುತ್ತದೆ. ಕಡ್ಡಿ ಹೊರಗಿನಿಂದ ಸವೆದಂತೆ ಅದರ ಮೈ ಕಿರಿದಾಗುತ್ತದೆ, ಅದೇ ಹೊತ್ತಿಗೆ ಒಳಗಿನ ರಂಧ್ರ ಹಿಗ್ಗಿ ಆ ಕೊರತೆಯನ್ನು ತುಂಬುತ್ತದೆ. ಹೀಗಾಗಿ ಅನಿಲ ಒಮ್ಮೆಲೇ ನುಗ್ಗದೆ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತಾ ಹೋಗುತ್ತದೆ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಜಾಣ್ಮೆ ಇದು.

ಈಗ ನಿಮ್ಮ ಎರಡು ತೋಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ರಿವಾಲ್ವರ್‌ನ ನಳಿಗೆ ನಾಲ್ಕಾರು ಇಂಚು, ರೈಫಲ್‌ನದು 22 ಅಥವಾ 24 ಇಂಚು. ಅಮೆರಿಕದ ತಯಾರಕರ ಒಕ್ಕೂಟ ನಿಗದಿಪಡಿಸಿದ ಗರಿಷ್ಠ ಒತ್ತಡ ಸಾಮಾನ್ಯ .38 ಸ್ಪೆಷಲ್‌ಗೆ ಚದರ ಇಂಚಿಗೆ 17,000 ಪೌಂಡ್ ಆದರೆ, .30-06ಕ್ಕೆ 60,000 ಪೌಂಡ್. ಕಡ್ಡಿಮದ್ದು ಸರಿಯಾಗಿ ಉರಿಯಬೇಕಾದರೆ ಹೆಚ್ಚಿನ ಒತ್ತಡವೂ ಭಾರವಾದ ಗುಂಡು ಒಡ್ಡುವ ತಡೆಯೂ ಬೇಕು. ಅದನ್ನು .38ರ ಕೇಸಿಗೆ, ಅಂದರೆ ತೋಟೆಯ ಲೋಹದ ಚಿಪ್ಪಿಗೆ, ತುಂಬಿದರೆ ಒತ್ತಡವೇ ಏರದೆ, ಅರೆಬೆಂದ ಕಾಳುಗಳು ಉಳಿದು, ಗುಂಡು ನಳಿಗೆಯೊಳಗೇ ನಿಂತುಬಿಡಬಹುದು. ಗುಂಡು ಸಿಕ್ಕಿಕೊಂಡದ್ದು ತಿಳಿಯದೆ ಮುಂದಿನ ಸುತ್ತು ಹಾರಿಸಿದವರ ರಿವಾಲ್ವರ್ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರ ತಿರುಗುಮುರುಗು ಇನ್ನೂ ಭಯಂಕರ: ಪಿಸ್ತೂಲಿನ ವೇಗದ ಮದ್ದನ್ನು ರೈಫಲ್ ಕೇಸಿನ ತುಂಬ ಸುರಿದರೆ, ಭಾರದ ಗುಂಡು ಕದಲುವ ಮೊದಲೇ ಒತ್ತಡ ಮಿತಿ ಮೀರಿ ಉಕ್ಕನ್ನೇ ಸೀಳುತ್ತದೆ.

.38 ಸ್ಪೆಷಲ್ ಬಗ್ಗೆ ಇನ್ನೊಂದು ಮಾತನ್ನು ವಿವರವಾಗಿ ಹೇಳಲೇಬೇಕು. ಈ ತೋಟೆ 1898ರಲ್ಲಿ ಬಂದದ್ದು ಕರಿಮದ್ದಿಗಾಗಿ. ಆಗ ಅದರ ಕೇಸಿನಲ್ಲಿ ಸುಮಾರು 21 ಗ್ರೇನ್ ಕರಿಮದ್ದು ಹಿಡಿಯುತ್ತಿತ್ತು. (ಗ್ರೇನ್ ಎಂದರೆ ಕಾಳಲ್ಲ, ತೂಕ, ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ.) ಅದೇ ಕೇಸಿನಲ್ಲಿ ಇಂದು ಬುಲ್ಸ್‌ಐಯಂಥ ವೇಗದ ಮದ್ದು ಮೂರು ಗ್ರೇನ್ ಆಸುಪಾಸು ಕೂರುತ್ತದೆ, ಅಂದರೆ ಸುಮಾರು 0.2 ಗ್ರಾಂ. ಕೇಸಿನ ಬಹುಪಾಲು ಖಾಲಿ. ಕೈತಪ್ಪಿ ಎರಡು ಬಾರಿ ಸುರಿದರೂ ಹೊರಚೆಲ್ಲುವುದಿಲ್ಲ, ಗುಂಡು ಎಂದಿನಂತೆಯೇ ಕೂರುತ್ತದೆ, ಸಿದ್ಧವಾದ ತೋಟೆಯನ್ನು ಹೊರಗಿನಿಂದ ನೋಡಿ ಯಾರೂ ಗುರುತಿಸಲಾರರು. ಮನೆಯಲ್ಲಿ ತೋಟೆ ತುಂಬುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಒಂದು ಪೌಂಡಿನಲ್ಲಿ ಹೆಚ್ಚು ತೋಟೆ ತುಂಬಬಹುದೆಂಬ ಉಳಿತಾಯದ ಆಸೆಗೆ ಬಿದ್ದು ಅತಿ ವೇಗದ, ಅತಿ ಕಡಿಮೆ ಹಿಡಿಯುವ ಮದ್ದನ್ನು ಮೊದಲ ಡಬ್ಬಿಯಾಗಿ ಕೊಳ್ಳಬೇಡಿ. ಯೂನಿಕ್‌ನಂಥ, ಕೊಂಚ ನಿಧಾನದ, ಹಗುರಾಗಿ ಉಬ್ಬಿದಂತಿರುವ ಬಿಲ್ಲೆಮದ್ದು ಕೇಸಿನಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. ಎರಡು ಸಲ ಬಿದ್ದರೆ ಮಟ್ಟ ಬಾಯಿಯತ್ತ ಏರಿ ಕಣ್ಣಿಗೆ ಹೊಡೆಯುತ್ತದೆ. ಅಳತೆಯ ಯಂತ್ರದಿಂದ ಅದು ಅಷ್ಟು ಸಮನಾಗಿ ಬೀಳುವುದಿಲ್ಲವೆಂಬ ದೂರು ಹಳೆಯದು, ನಿಜವೂ ಹೌದು. ಆದರೂ ಕಣ್ಣಿಗೆ ಕಾಣುವ ಮದ್ದು ಕಲಿಯುವ ಕೈಗೆ ಒಳ್ಳೆಯದು.

ರೈಫಲ್‌ನ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. .30-06 ಒಂದು ತೋಟೆಗೆ ಸುಮಾರು 50 ಗ್ರೇನ್ ಮದ್ದು ಬೇಡುತ್ತದೆ, ಕೇಸು ಬಹುಮಟ್ಟಿಗೆ ತುಂಬುತ್ತದೆ, ಎರಡು ಬಾರಿ ಸುರಿದರೆ ಮೇಜಿನ ಮೇಲೆಲ್ಲ ಚೆಲ್ಲುತ್ತದೆ. 150 ಗ್ರೇನ್ ಆಸುಪಾಸಿನ ಗುಂಡಿಗೆ 4895 ಅಥವಾ 4064 ಎಂಬ ಮದ್ದು, ಇನ್ನೂ ಭಾರದ ಗುಂಡಿಗೆ ನಿಧಾನವಾದ 4350 ಹಳೆಯ, ನಂಬಿಕಸ್ತ ಆಯ್ಕೆಗಳು. 4895 ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಗರಾಂಡ್ ರೈಫಲ್‌ನ ತೋಟೆಗಳಿಗೆ ಬಳಸಿದ ಮದ್ದು. ಯುದ್ಧಾನಂತರ ಉಳಿದ ದಾಸ್ತಾನನ್ನು ಬ್ರೂಸ್ ಹಾಡ್ಜ್‌ಡನ್ ಎಂಬ ಮದ್ದಿನ ವ್ಯಾಪಾರಿ ಅಗ್ಗದಲ್ಲಿ ಮಾರಿದ್ದರಿಂದಲೇ ಅಮೆರಿಕದಲ್ಲಿ ಈ ಹವ್ಯಾಸ ಮನೆಮನೆಗೆ ಹಬ್ಬಿತೆನ್ನಬಹುದು. ಟೆಕ್ಸಾಸ್‌ನ ಬೇಸಿಗೆಯಲ್ಲಿ ತೋಟೆಗಳು ಬಿಸಿಯೇರಿದರೆ ಒತ್ತಡವೂ ಏರುತ್ತದೆ, ಆದ್ದರಿಂದ ತಾಪಮಾನಕ್ಕೆ ಅಷ್ಟಾಗಿ ಬಗ್ಗದ ಎಚ್4895 ಅಥವಾ ವಾರ್‌ಗೆಟ್ ನಿಮಗೆ ಇನ್ನೂ ಹೊಂದೀತು. ಇವೆರಡೂ ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತವೆ.

ಹೆಸರುಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಎಚ್4831 ಮತ್ತು ಐಎಂಆರ್ 4831 ಸಂಖ್ಯೆ ಒಂದೇ ಆದರೂ ಮದ್ದು ಬೇರೆ, ಪ್ರಮಾಣವೂ ಬೇರೆ. ವೇಗದ ಕ್ರಮದಲ್ಲಿ ಮದ್ದುಗಳನ್ನು ಜೋಡಿಸಿದ ಪಟ್ಟಿಗಳು ಸಿಗುತ್ತವೆ. ಅಲ್ಲಿ ಅಕ್ಕಪಕ್ಕದಲ್ಲಿರುವುದನ್ನು ನೋಡಿ ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಎಂದೂ ಅನ್ವಯಿಸಬೇಡಿ. ಡಬ್ಬಿಯನ್ನು ಮೊದಲು ಕೊಂಡು ಆಮೇಲೆ ಪ್ರಮಾಣ ಹುಡುಕುವುದು ಹಿಂದುಮುಂದಾದ ಕ್ರಮ. ಯಾವ ಗುಂಡು, ಎಷ್ಟು ತೂಕ, ಸೀಸದ್ದೋ ತಾಮ್ರದ ಹೊದಿಕೆಯದೋ ಎಂದು ಮೊದಲು ನಿರ್ಧರಿಸಿ, ಮದ್ದಿನ ಅಥವಾ ಗುಂಡಿನ ತಯಾರಕರು ಪ್ರಕಟಿಸಿದ ಕೈಪಿಡಿಯಲ್ಲಿ ಆ ಗುಂಡಿನ ಎದುರಿಗಿರುವ ಮದ್ದುಗಳಲ್ಲಿ ನಿಮ್ಮ ಊರಿನಲ್ಲಿ ಸಿಗುವುದನ್ನು ಆರಿಸಿ, ಅಲ್ಲಿ ಹೇಳಿದ ಆರಂಭದ ಪ್ರಮಾಣದಿಂದಲೇ ಶುರುಮಾಡಿ. ನಾನು ಮೇಲೆ ಕೊಟ್ಟ ಸಂಖ್ಯೆಗಳು ಅಂತರವನ್ನು ತೋರಿಸಲು ಮಾತ್ರ, ತೂಗಿ ತುಂಬಲು ಅಲ್ಲ.

ಕಡಿಮೆ ಹಾಕಿದರೆ ಸುರಕ್ಷಿತ ಎಂಬ ಮಾತು ಎಲ್ಲ ಮದ್ದಿಗೂ ಸಲ್ಲುವುದಿಲ್ಲ. .357 ಮ್ಯಾಗ್ನಮ್ ಎಂಬ ಹೆಚ್ಚು ಒತ್ತಡದ ತೋಟೆ ಬಳಸುವವರು ಮೆಚ್ಚುವ ಎಚ್110 ಮದ್ದನ್ನು ಪ್ರಕಟಿತ ಗರಿಷ್ಠ ಪ್ರಮಾಣದಿಂದ ಶೇ. 3ಕ್ಕಿಂತ ಹೆಚ್ಚು ಇಳಿಸಬಾರದೆಂದು ಹಾಡ್ಜ್‌ಡನ್ ಕಂಪನಿಯೇ ಎಚ್ಚರಿಸುತ್ತದೆ. ಇಳಿಸಿದರೆ ಉರಿ ಸರಿಯಾಗಿ ಹತ್ತದೆ ಗುಂಡು ನಳಿಗೆಯಲ್ಲಿ ನಿಲ್ಲಬಹುದು. ಆ ಮದ್ದು ನಿಮ್ಮ .38ಕ್ಕೆ ಬೇಡ. ಮುಂದೆ ನೀವು .357 ರಿವಾಲ್ವರ್ ಮತ್ತು ಅದೇ ತೋಟೆಯ ಲೀವರ್ ರೈಫಲ್ ಇಟ್ಟುಕೊಂಡರೆ, ಆಗ ಮಾತ್ರ ಒಂದೇ ಡಬ್ಬಿಯ ನಿಮ್ಮ ಆಸೆ ನ್ಯಾಯವಾಗಿ ಈಡೇರುತ್ತದೆ.

ಊರಿನ ಓದುಗರಿಗೆ ಎರಡು ಮಾತು. ಮಲೆನಾಡು, ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿಗೆ ಕರಿಮದ್ದನ್ನು ಅಳತೆಯ ಕೊಳವೆಯಲ್ಲಿ ತುಂಬಿದ್ದನ್ನು ಕಂಡವರಿದ್ದಾರೆ. ಆ ಕೋವಿಗೆ ಹೊಗೆರಹಿತ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. ಆ ನಳಿಗೆ ತಡೆಯುವ ಒತ್ತಡವಲ್ಲ ಅದು. ಜೊತೆಗೆ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಭಾರತದಲ್ಲಿ ಅಪರಾಧ. ಮೇಲಿನ ಉತ್ತರ, ಕಾನೂನು ಅನುಮತಿಸುವ ಅಮೆರಿಕದಲ್ಲಿರುವ ಈ ಓದುಗರಿಗೆ.

ನೀವು ಕೇಳದಿದ್ದರೂ ಕೆಲಸದ ಕ್ರಮವನ್ನು ಹೇಳಿಬಿಡುತ್ತೇನೆ. ಮದ್ದನ್ನು ತಂಪಾದ, ಒಣ ಜಾಗದಲ್ಲಿ ಅದರ ಮೂಲ ಡಬ್ಬಿಯಲ್ಲೇ ಇಡಿ. ಮುಚ್ಚಳ ತೆಗೆದಾಗ ಮೂಗಿಗೆ ಹುಳಿಯಾದ, ಚುರುಗುಟ್ಟುವ ವಾಸನೆ ಬಂದರೆ ಅಥವಾ ಕಂದುಗೆಂಪು ಧೂಳು ಕಂಡರೆ ಆ ಮದ್ದು ಕೆಟ್ಟಿದೆ, ಬಳಸಬೇಡಿ. ಐವತ್ತು ಕೇಸುಗಳನ್ನು ಮರದ ಹಲಗೆಯಲ್ಲಿ ನಿಲ್ಲಿಸಿ ಮದ್ದು ಹಾಕಿದ ಮೇಲೆ, ಒಂದಕ್ಕೂ ಗುಂಡು ಕೂರಿಸುವ ಮುನ್ನ, ಟಾರ್ಚ್ ಹಿಡಿದು ಸಾಲುಸಾಲಾಗಿ ಒಳಗೆ ನೋಡಿ. ಮಟ್ಟ ಒಂದರಲ್ಲಿ ಹೆಚ್ಚೋ ಕಡಿಮೆಯೋ ಅನ್ನಿಸಿದರೆ ತಟ್ಟೆಗೆ ಸುರಿದು ಮತ್ತೆ ತೂಗಿ. ರೈಫಲ್‌ನ ಡಬ್ಬಿಯನ್ನು ತೆರೆಯುವುದು ರಿವಾಲ್ವರ್‌ನ ಮದ್ದನ್ನು ಯಂತ್ರದಿಂದ ಪೂರ್ತಿ ಖಾಲಿ ಮಾಡಿ, ಅದರ ಡಬ್ಬಿಗೇ ಹಿಂತಿರುಗಿಸಿ, ಕಪಾಟಿಗೆ ಸೇರಿಸಿದ ಮೇಲೆಯೇ ಆಗಬೇಕು. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರಲಿ.